‘ಮೋಟಾರ್ ಹೋಗಿದೆ’ ಅನ್ನೋಕೆ ಮುಂಚೆ

ಊರಿಂದ ಅಮ್ಮ ಫೋನ್ ಮಾಡಿ, "ಏನೋ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಈ ವ್ಯಾಕ್ಯೂಮ್ ಕ್ಲೀನರ್ ಬರೀ ಸದ್ದು ಮಾಡತ್ತೆ, ಕಸ ಎಳೀತಾನೇ ಇಲ್ಲ. ಏನಾಗಿರಬಹುದು?" ಅಂತ ಕೇಳಿದ್ರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಡ್ತೀವಿ? ಸಿಎಸ್‌ನವರದ್ದು ರೆಡಿ ಉತ್ತರ: "ಅಮ್ಮಾ, ಅದು ನನ್ನ ಬ್ರಾಂಚ್ ಅಲ್ಲ." ಮೆಕ್ಯಾನಿಕಲ್‌ನವರು "ಎಲೆಕ್ಟ್ರಿಕಲ್ ಪ್ರಾಬ್ಲಮ್ ಇರಬೇಕು" ಅಂತಾರೆ. ಎಲೆಕ್ಟ್ರಿಕಲ್‌ನವರು "ಗಾಳಿ ವಿಷಯ ತಾನೆ, ಮೆಕ್ಯಾನಿಕಲ್‌ನವರನ್ನ ಕೇಳಿ" ಅಂತಾರೆ. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ಸರ್ವಿಸ್ ಸೆಂಟರ್‌ಗೆ ಕೊಟ್ಬಿಡಿ."

ಕಳೆದ ಆಯುಧಪೂಜೆಗೆ ಮುಂಚೆ ನಾವೂ ಅದನ್ನೇ ಮಾಡಿದ್ವಿ. ನಾವು ನಾಲ್ಕು ಜನ ಇರೋ ಬಾಡಿಗೆ ಮನೆಗೆ ಗೆಳೆಯನೊಬ್ಬ ಅವರ ಮನೆಯ ಹಳೇ ವ್ಯಾಕ್ಯೂಮ್ ಕ್ಲೀನರ್ ತಂದಿದ್ದ. ಗೋಡೆ ಉಜ್ಜಿದಾಗ ಉದುರಿದ ಸುಣ್ಣದ ಪುಡಿಯನ್ನೆಲ್ಲ ಅದರಲ್ಲೇ ಎಳೆದ್ವಿ. ಸ್ವಲ್ಪ ಹೊತ್ತಿಗೆ ಸದ್ದು ಕೀರಲಾಯ್ತು, ಆಮೇಲೆ ಮಷಿನ್ ನಿಂತೇಹೋಯ್ತು. ಅದರ ಬಿಸಿ ಆರೋ ಮುಂಚೆನೇ ಆಟೋದಲ್ಲಿ ಹಾಕ್ಕೊಂಡು ಒಂದು ಸರ್ವಿಸ್ ಸೆಂಟರ್‌ಗೆ ಓಡಿದ್ವಿ. ಅಲ್ಲಿದ್ದವರು ಪ್ಲಗ್ ಹಾಕಿ ನೋಡಿದರು, ಬಿಚ್ಚಲಿಲ್ಲ. "ಮೋಟಾರ್ ಹೋಗಿದೆ. ಅದನ್ನ ಹಾಕಿಸೋ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಎಕ್ಸ್‌ಚೇಂಜಲ್ಲಿ ಹೊಸದೇ ಬರತ್ತೆ" ಅಂದರು. ನಾವು ತಲೆ ಆಡಿಸಿ ವಾಪಸ್ ಬಂದ್ವಿ.

ಸಂಜೆ ಗುಜರಿಗೆ ಹಾಕೋ ಮುಂಚೆ ಸುಮ್ನೆ ಒಂದ್ಸಲ ಪ್ಲಗ್ ಹಾಕಿದ್ರೆ, ಓಡ್ತು! ಸತ್ತ ಮೋಟಾರ್ ತಾನಾಗೇ ಎದ್ದು ಕೂರಲ್ಲ. ಆಗ ಮಾತ್ರ ನಮಗೆ ಬಿಚ್ಚಿ ನೋಡೋ ಬುದ್ಧಿ ಬಂತು. ಒಳಗೆ ಫಿಲ್ಟರ್ ಮೇಲೆ ಅಕ್ಕಿರೊಟ್ಟಿ ತಟ್ಟಿದ ಹಾಗೆ ಪುಡಿ ಕೂತಿತ್ತು. ಪೈಪಿನ ಬಾಗಿನಲ್ಲಿ ಕಾಣೆಯಾಗಿದ್ದ ಒಂದು ಸಾಕ್ಸ್ ಸಿಕ್ಕಿತು. ಫಿಲ್ಟರ್ ತೊಳೆದು, ಒಂದು ದಿನ ಒಣಗಿಸಿ ಹಾಕಿದ್ವಿ. ಖರ್ಚು ಸೊನ್ನೆ. ಆ ಮಷಿನ್ ಇವತ್ತಿಗೂ ಓಡ್ತಿದೆ.

ಇದರಲ್ಲಿ ನಾವು ಓದದೇ ಇದ್ದದ್ದು ಏನೂ ಇರಲಿಲ್ಲ. ನಾಚಿಕೆ ಆಗಿದ್ದು ಅದಕ್ಕೇ. ವಯರ್ ಇರುವ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಯೂನಿವರ್ಸಲ್ ಮೋಟಾರ್. ಮಿಕ್ಸಿಯಲ್ಲಿ ಇರುತ್ತಲ್ಲ, ಅದೇ ಜಾತಿಯದ್ದು. ನಿಮಿಷಕ್ಕೆ 20,000 ಸುತ್ತಿಗೂ ಮೀರಿ ತಿರುಗುತ್ತದೆ. ಅದಕ್ಕೆ ಜೋಡಿಸಿದ ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳಿ ಒಳಗಿನ ಒತ್ತಡ ಇಳಿಸುತ್ತದೆ. ಹೊರಗಿನ ಗಾಳಿ ಕಸವನ್ನೂ ಎಳೆದುಕೊಂಡು ಒಳಗೆ ನುಗ್ಗುತ್ತದೆ. ದಾರಿ ಕಟ್ಟಿಕೊಂಡರೆ ಸದ್ದು ಕೀರಲಾಗುತ್ತದೆ. ‘ಪಾಪ, ಮೋಟಾರಿಗೆ ಲೋಡ್ ಜಾಸ್ತಿ ಆಯ್ತು’ ಅಂದ್ಕೋತೀವಿ. ಆಗಿರೋದು ಉಲ್ಟಾ. ತಳ್ಳೋಕೆ ಗಾಳಿನೇ ಇಲ್ಲ, ಲೋಡ್ ಕಡಿಮೆ, ಹಾಗಾಗಿ ಸ್ಪೀಡ್ ಏರಿದೆ. ‘ಸೀರೀಸ್ ಮೋಟಾರನ್ನ ಲೋಡ್ ಇಲ್ಲದೆ ಯಾಕೆ ಓಡಿಸಬಾರದು?’ ಅನ್ನೋ ವೈವಾ ಪ್ರಶ್ನೆಗೆ ಬಾಯಿಪಾಠದ ಉತ್ತರ ಕೊಟ್ಟು ಮಾರ್ಕ್ಸ್ ತಗೊಂಡವರು ನಾವೇ. ಅದೇ ಉತ್ತರ ಮನೆಯಲ್ಲಿ ಕಿರುಚಿದಾಗ ಗುರುತು ಸಿಗಲಿಲ್ಲ. ಜೊತೆಗೆ ಎಷ್ಟೋ ಮಾಡೆಲ್‌ಗಳಲ್ಲಿ ಫಿಲ್ಟರ್ ದಾಟಿ ಬಂದ ಗಾಳಿಯೇ ಮೋಟಾರನ್ನು ತಂಪಾಗಿಡುತ್ತದೆ. ಗಾಳಿ ನಿಂತರೆ ಬಿಸಿ ಏರಿ ಥರ್ಮಲ್ ಕಟ್‌ಆಫ್ ಮಷಿನ್ ನಿಲ್ಲಿಸುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಆರಲು ಬಿಟ್ಟರೆ ಮತ್ತೆ ಓಡುತ್ತದೆ.

ಹಾಗಾಗಿ ನಮ್ಮ ವಾದ ಇಷ್ಟೇ: ಅನುಮಾನ ಪಡೋ ಪಟ್ಟಿಯಲ್ಲಿ ಮೋಟಾರ್ ಕೊನೆಗಿರಲಿ. ಮೊದಲು ಪ್ಲಗ್ ತೆಗೀರಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು. ಬ್ಯಾಗ್ ತುಂಬಿದೆಯಾ ನೋಡಿ. ಫಿಲ್ಟರ್ ನೋಡಿ. ಪೈಪನ್ನು ಎರಡೂ ಕಡೆ ಬಿಚ್ಚಿ ಒಂದು ನಾಣ್ಯ ಬಿಡಿ. ಇನ್ನೊಂದು ತುದಿಯಲ್ಲಿ ಬೀಳದಿದ್ದರೆ ಎಲ್ಲೋ ಕಟ್ಟಿದೆ ಅಂತ ಅರ್ಥ. ಪೈಪ್ ತೆಗೆದು ಮಷಿನ್ ಬಾಯಿಗೆ ಅಂಗೈ ಹಿಡಿದು ಓಡಿಸಿ ನೋಡಿ. ಅಲ್ಲಿ ಎಳೆತ ಜೋರಾಗಿದ್ದು ಪೈಪಿನ ತುದಿಯಲ್ಲಿ ಇಲ್ಲದಿದ್ದರೆ ತೊಂದರೆ ಪೈಪಿನದ್ದು. ಅಲ್ಲೂ ಎಳೆತ ಇಲ್ಲದಿದ್ದರೆ ಬ್ಯಾಗ್, ಫಿಲ್ಟರ್, ಇಲ್ಲವೇ ಮುಚ್ಚಳದ ರಬ್ಬರ್. ತಿರುಗೋ ಬ್ರಷ್ ಇದ್ದರೆ ಅದಕ್ಕೆ ಸುತ್ತಿಕೊಂಡ ಕೂದಲನ್ನು ಕತ್ತರಿಯಲ್ಲಿ ಬಿಡಿಸಿ. ತೊಳೆಯಬಹುದಾದ ಫಿಲ್ಟರ್ ಮಾತ್ರ ತೊಳೆಯಿರಿ, ಹಸಿ ಇದ್ದಾಗ ಹಾಕಬೇಡಿ. ವೆಟ್ ಅಂತ ಬರೆದಿಲ್ಲದ ಮಷಿನ್‌ನಲ್ಲಿ ನೀರು ಎಳೀಬೇಡಿ. ಬಿಸಿ ಬೂದಿಯಂತೂ ಬೇಡವೇ ಬೇಡ. ನಾವು ಮಾಡಿದ ಹಾಗೆ ಸುಣ್ಣ, ಸಿಮೆಂಟಿನ ಪುಡಿಯನ್ನೂ ಎಳೀಬೇಡಿ.

ನಿಜವಾಗಲೂ ಮೋಟಾರ್ ಕಡೆಯೇ ತೊಂದರೆ ಇದ್ದರೂ ಎಷ್ಟೋ ಸಲ ಅದು ಸವೆದ ಕಾರ್ಬನ್ ಬ್ರಷ್. ಕಮ್ಯುಟೇಟರ್ ಹತ್ತಿರ ಕಿಡಿ ಜಾಸ್ತಿ, ಬಿಟ್ಟು ಬಿಟ್ಟು ಓಡೋದು ಅದರ ಲಕ್ಷಣ. ಬ್ರಷ್ ಸವೆಯೋದಕ್ಕೇ ಅಂತ ಇರೋ ಭಾಗ, ಅದನ್ನ ಬದಲಾಯಿಸೋದು ಮಾಮೂಲಿ ಕೆಲಸ. ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ವೈಂಡಿಂಗ್ ಸುಟ್ಟ ವಾಸನೆ ಬಂದರೆ, ಒಳಗೆ ನೀರು ಹೋಗಿದ್ದರೆ ನಾವು ಕೈ ಹಾಕದೆ ಅವರ ಹತ್ತಿರವೇ ಹೋಗೋದು ಒಳ್ಳೇದು.

‘ಇಷ್ಟೆಲ್ಲ ಯಾಕೆ, ಹೊಸದು ತಗೊಂಡ್ರೆ ವಾಟ್ಸ್ ಜಾಸ್ತಿ ಇರತ್ತೆ’ ಅನ್ನೋರಿದ್ದಾರೆ. ವಾಟ್ಸ್ ಅನ್ನೋದು ಮಷಿನ್ ತಿನ್ನೋ ಕರೆಂಟಿನ ಲೆಕ್ಕ, ಎಳೆಯೋ ಕಸದ್ದಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲಿ ಮನೆಬಳಕೆಯ ವಯರ್ ಇರುವ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವಾಟ್ಸ್ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿನ ಮನೆಗಳು ಕಸ ತುಂಬಿ ಮುಳುಗಿಹೋಗಲಿಲ್ಲ. ಅದೇ ನಿಯಮದಲ್ಲಿ ಮೋಟಾರ್ ಕನಿಷ್ಠ 500 ಗಂಟೆ ಬಾಳಬೇಕು, ಪೈಪ್ 40,000 ಸಲ ಬಾಗಿಸಿದರೂ ಕೆಲಸಕ್ಕೆ ಬರುವಂತಿರಬೇಕು ಎಂದೂ ಇತ್ತು. ವಾರಕ್ಕೆ ಒಂದು ಗಂಟೆ ಓಡಿಸಿದರೆ 500 ಗಂಟೆ ಅಂದರೆ ಹೆಚ್ಚುಕಮ್ಮಿ ಹತ್ತು ವರ್ಷ. ಮೂರೇ ವರ್ಷದ ಮಷಿನ್ ನೋಡಿ ‘ಮೋಟಾರ್ ಹೋಗಿದೆ’ ಅಂದಾಗ ಈ ಲೆಕ್ಕ ತಲೆಯಲ್ಲಿದ್ದರೆ ಕನಿಷ್ಠ "ಬಿಚ್ಚಿ ತೋರಿಸಿ ಸಾರ್" ಅಂತ ಕೇಳಬಹುದು.

ನಮ್ಮ ದೇಶದಲ್ಲೂ 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಇದೆ. ಆದರೆ ಹಕ್ಕು ಕಾಗದದಲ್ಲಿದ್ದು ಸ್ಕ್ರೂಡ್ರೈವರ್ ಹಿಡಿಯೋ ಕೈ ಇಲ್ಲದಿದ್ದರೆ ಏನು ಪ್ರಯೋಜನ? ಆ ಕೈ ನಮ್ಮದಾಗದೆ ಇನ್ಯಾರದ್ದು?

ರಿಪೇರಿ ಅಂದ್ರೆ ನಮಗೆ ಒಳಗೊಳಗೇ ಒಂದು ತಾತ್ಸಾರ ಇದೆ. ಹೊಸದು ಮಾಡಿದ್ರೆ ಇನ್ನೋವೇಶನ್, ಇದ್ದದ್ದನ್ನ ಓಡಿಸಿದ್ರೆ ಮೆಕ್ಯಾನಿಕ್ ಕೆಲಸ. ಅಮೆರಿಕದ ಒಹಾಯೋದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಮಾಡ್ತಿದ್ದವರು. ಧೂಳಿಗೆ ಅವರ ಅಸ್ತಮಾ ಹೆಚ್ಚಾಗ್ತಿತ್ತು. ಫ್ಯಾನಿನ ಮೋಟಾರ್, ಪೊರಕೆಯ ಹಿಡಿ, ದಿಂಬಿನ ಕವರ್ ಸೇರಿಸಿ ಅವರು ಮಾಡಿದ ಮಷಿನ್‌ಗೆ 1908ರಲ್ಲಿ ಪೇಟೆಂಟ್ ಸಿಕ್ಕಿತು. ಹೂವರ್ ಕಂಪನಿಯ ವ್ಯಾಕ್ಯೂಮ್ ಕ್ಲೀನರ್ ಶುರುವಾಗಿದ್ದು ಅಲ್ಲಿಂದ. ಕಸದ ಹತ್ತಿರ ಇದ್ದವರಿಗೇ ಮಷಿನ್ ಹೇಗಿರಬೇಕು ಅಂತ ಹೊಳೆದದ್ದು. ನಮ್ಮ ಕಾರಿಡಾರ್ ಗುಡಿಸೋ ಅಕ್ಕಂದಿರನ್ನು ನಾವು ಒಂದು ದಿನವಾದರೂ ಏನು ಕೇಳಿದ್ದೀವಿ?

ನಮ್ಮದೊಂದು ಸಲಹೆ ಇದೆ. ಕನ್ನಡ ಸಂಘದಿಂದಲೇ ತಿಂಗಳಿಗೊಂದು ಶನಿವಾರ ಸಂಜೆ ರಿಪೇರಿಗೆ ಕೂರೋಣ. ಹಾಸ್ಟೆಲ್‌ನದ್ದು, ಸಿಬ್ಬಂದಿಯ ಮನೆಯದ್ದು, ಯಾರ ಕೆಟ್ಟ ಮಷಿನ್ ಆದರೂ ಬರಲಿ. ಲ್ಯಾಬಿನ ಸರ್ ಒಬ್ಬರು ಜೊತೆಗಿರಲಿ. ಬಿಚ್ಚಿದ ಪ್ರತಿಯೊಂದಕ್ಕೂ ಒಂದು ಪುಟ ಕನ್ನಡದಲ್ಲಿ ಬರೆಯೋಣ: ಏನಾಗಿತ್ತು, ಹೇಗೆ ಗೊತ್ತಾಯ್ತು, ಏನು ಮಾಡಿದ್ವಿ. ನಮ್ಮ ಮಷಿನ್ ಜೊತೆ ಬಂದ ಕೈಪಿಡಿಯಲ್ಲಿ ಕನ್ನಡ ಒಂದು ಸಾಲೂ ಇರಲಿಲ್ಲ. ಅದನ್ನು ದಿನಾ ಬಳಸೋದು ಅಮ್ಮ, ಓದೋಕೆ ಆಗ್ತಿದ್ದಿದ್ದು ನಮಗೆ ಮಾತ್ರ, ನಾವೂ ಓದಿರಲಿಲ್ಲ.

ಈ ಸಲ ಆಯುಧಪೂಜೆಗೆ ಮಷಿನ್‌ಗೆ ಕುಂಕುಮ ಇಡೋ ಮುಂಚೆ ಫಿಲ್ಟರ್ ತೆಗೆದು ಕೊಡವಿ. ಅಮ್ಮನ ಫೋನ್ ಬಂದಾಗ "ಪ್ಲಗ್ ತೆಗಿ ಅಮ್ಮಾ, ಪೈಪ್ ಬಿಚ್ಚು, ನಾನು ಹೇಳ್ತೀನಿ" ಅನ್ನಿ. ಬ್ರಾಂಚ್ ಯಾವುದಾದ್ರೂ ಇರಲಿ.