ರಸೀದಿಯಲ್ಲಿರುವ ವಾಚನಾಲಯ

ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳೊಡನೆ ಮನೆಗೆ ಬಂದಿದ್ದ. ಹುಡುಗಿ ಅದೇ ವರ್ಷ ಪದವಿ ತರಗತಿಗೆ ಸೇರಿದ್ದಳು. ಶುಲ್ಕ ಹೊಂದಿಸಲು ಕರುವೊಂದನ್ನು ಮಾರಿದೆನೆಂದು ಅವನು ಮಾತಿನ ನಡುವೆ ಹೇಳಿದ. ಮೇಷ್ಟರ ಚಾಳಿ ಬಿಡದು. ರಸೀದಿಯನ್ನು ತರಿಸಿಕೊಂಡು ಓದಿದೆ. ಬೋಧನಾ ಶುಲ್ಕಕ್ಕೆ ಒಂದೇ ಸಾಲು. ಅದರ ಕೆಳಗೆ ಗ್ರಂಥಾಲಯ, ವಾಚನಾಲಯ, ಕ್ರೀಡೆ, ವೈದ್ಯಕೀಯ ತಪಾಸಣೆ, ವಿದ್ಯಾರ್ಥಿ ಕ್ಷೇಮನಿಧಿ, ಕಾಲೇಜು ಅಭಿವೃದ್ಧಿ, ಕೊನೆಗೆ ‘ಇತರೆ’.

“ವಾಚನಾಲಯ ಹೇಗಿದೆಯಮ್ಮಾ?” ಎಂದು ಕೇಳಿದೆ.

“ಬೀಗ ಹಾಕಿದೆ ತಾತಾ. ಗ್ರಂಥಪಾಲಕರ ಹುದ್ದೆ ಖಾಲಿಯಂತೆ.”

ಕೊಡದ ಸರಕಿಗೆ ಬೆಲೆ ವಸೂಲು ಮಾಡುವವನನ್ನು ನಮ್ಮೂರ ಸಂತೆಯಲ್ಲಿ ಏನೆಂದು ಕರೆಯುತ್ತಾರೆಂಬುದು ನಿಮಗೆ ಗೊತ್ತು. ಪ್ರಾಂಶುಪಾಲರೊಬ್ಬರನ್ನೇ ದೂಷಿಸಲಾರೆ. ಸರ್ಕಾರ ಸಂಬಳವನ್ನಷ್ಟೇ ಕೊಟ್ಟು ಕೈತೊಳೆದುಕೊಂಡರೆ ಮುರಿದ ಬೆಂಚಿನಿಂದ ವಿದ್ಯುತ್ ಬಿಲ್ಲಿನವರೆಗೆ ಎಲ್ಲವೂ ಈ ಚಿಲ್ಲರೆ ಬಾಬ್ತುಗಳ ತಲೆಯ ಮೇಲೆ ಬೀಳುತ್ತದೆ. ಬೋಧನಾ ಶುಲ್ಕ ಏರಿಸಿದರೆ ಗದ್ದಲವಾಗುತ್ತದೆ. ‘ಇತರೆ’ ಏರಿದರೆ ಕೇಳುವವರಿಲ್ಲ.

1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ. 6ರ ಮಾತನ್ನಾಡಿದೆ. ಅರ್ಧ ಶತಮಾನ ಕಳೆದರೂ ಅಂಕಿ ಗುರಿಯಾಗಿಯೇ ಉಳಿದಿದೆ. ಈ ನಡುವೆ 2017ರಲ್ಲಿ ಕೇಂದ್ರ ಸರ್ಕಾರವು ಕೆನರಾ ಬ್ಯಾಂಕಿನೊಡನೆ ಸೇರಿ ಉನ್ನತ ಶಿಕ್ಷಣಕ್ಕೆ ಹಣ ಒದಗಿಸುವ ಏಜೆನ್ಸಿಯೊಂದನ್ನು ಸ್ಥಾಪಿಸಿತು. ಅದು ಕೊಡುವುದು ಅನುದಾನವಲ್ಲ, ಸಾಲ. ಬಡ್ಡಿಯನ್ನೇನೋ ಸರ್ಕಾರ ಕಟ್ಟುತ್ತದೆ. ಆದರೆ ಹಳೆಯ ತಾಂತ್ರಿಕ ಸಂಸ್ಥೆಗಳು ಅಸಲನ್ನು ಸ್ವಂತ ಆದಾಯದಿಂದಲೇ ತೀರಿಸಬೇಕು. ಆ ಸ್ವಂತ ಆದಾಯದಲ್ಲಿ ವಿದ್ಯಾರ್ಥಿಗಳ ಶುಲ್ಕವೂ ಸೇರಿದೆಯಲ್ಲವೆ?

ಈ ಜಗಳ ನಮ್ಮ ನಾಡಿಗೆ ಹೊಸತಲ್ಲ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಪ್ರವೇಶದಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣವನ್ನು ನೆನೆಯಿರಿ. ಆಗಿನ ಸರ್ಕಾರಿ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಅದರಾಚೆ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಹಕ್ಕೆಂದು ಸಾರಿತು. ಮರುವರ್ಷವೇ ಉಣ್ಣಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಎಂದು ಸೀಮಿತಗೊಳಿಸಿ, ಮುಂದಿನದನ್ನು ಸರ್ಕಾರದ ಆರ್ಥಿಕ ಸಾಮರ್ಥ್ಯಕ್ಕೆ ಬಿಟ್ಟಿತು. ಆ ‘ಸಾಮರ್ಥ್ಯ’ ಎಂಬ ಪದದ ಹಿಂದೆ ಎಷ್ಟು ಸರ್ಕಾರಗಳು ಅಡಗಿ ಕುಳಿತವು!

ಪದವಿಯಿಂದ ಲಾಭ ಪಡೆಯುವವನೇ ಹಣ ತೆರಲಿ ಎಂದು ನಮ್ಮ ಬಂಧುಗಳೊಬ್ಬರು ಮೊನ್ನೆ ಫೋನಿನಲ್ಲಿ ವಾದಿಸಿದರು. ಅವರು ಓದಿದ್ದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಆಗಿನ ಶುಲ್ಕ ಅವರ ಇಂದಿನ ಒಂದು ಊಟದ ಬಿಲ್ಲಿಗೂ ಸಾಲದು. (ಓದಿ ಮುನಿಸಿಕೊಳ್ಳಬಾರದು, ಇವರೇ!) ನಾನು ಫೀ ಮಾಫಿಯಲ್ಲಿ ಓದಿದವನು, ವಾರಾನ್ನ ಉಂಡವನು. ಆ ವಿದ್ಯೆಯ ಲಾಭ ನನ್ನೊಬ್ಬನ ಜೇಬಿಗೇ ಹೋಯಿತೆ? ಇದನ್ನೋದುತ್ತಿರುವ ನೀವೇ ಹೇಳಬೇಕು. ಹತ್ತಿದ ಏಣಿಯನ್ನು ಒದೆಯುವ ವಾದಕ್ಕೆ ಅರ್ಥಶಾಸ್ತ್ರವೆಂಬ ಹೆಸರಿಡಬೇಡಿ.

ನಾನು ಕೇಳುವುದು ಹೆಚ್ಚೇನಲ್ಲ. ಪ್ರತಿ ಬಾಬ್ತಿನಲ್ಲಿ ಬಂದದ್ದೆಷ್ಟು, ವೆಚ್ಚವಾದದ್ದೆಷ್ಟು ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ. ಬೀಗ ಹಾಕಿದ ಕೋಣೆಗೆ ಶುಲ್ಕ ಪಡೆಯದಿರಲಿ, ಪಡೆದಿದ್ದರೆ ಹಿಂದಿರುಗಿಸಲಿ.

ಅಂದೇ ಸಂಜೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕುಳಿತೆವು. ಕಾಯಿದೆ ಬಂದದ್ದು 2005ರಲ್ಲಿ, ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು ಮೂವತ್ತು ದಿನ. ಸಹಿಯ ಜಾಗ ಬಂದಾಗ ಹುಡುಗಿ ತಂದೆಯ ಮುಖ ನೋಡಿದಳು. “ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದೆ ತಾತಾ” ಎಂದಳು. ಹಾಗಾಗಿ ಅರ್ಜಿದಾರನ ಹೆಸರು ನನ್ನದೇ ಆಯಿತು. ಅಂಚೆಯಲ್ಲಿ ಕಳುಹಿಸಿ ಇಂದಿಗೆ ಹತ್ತೊಂಬತ್ತು ದಿನ.