ಮೆಟಾಲಿಕಾದ ಹಕ್ಕು, ಕೈದಿಯ ಕಿವಿ

ಹೆವಿ ಮೆಟಲ್ ಎಂದೊಡನೆ ನಮ್ಮಲ್ಲಿ ಕೆಲವರು 'ಲಾಹೌಲ' ಹೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ. ಉದ್ದ ಕೂದಲು, ಕಪ್ಪು ಅಂಗಿ, ಕಿವಿಗಡಚಿಕ್ಕುವ ಗಿಟಾರು. ಇದು ಶೈತಾನನ ಸಂಗೀತ ಎಂದು ಜುಮಾ ಭಾಷಣದಲ್ಲಿ ಎರಡು ಮಾತಾಡಿ ಮುಗಿಸಿಬಿಡುವುದು ಸುಲಭ. ಕಾಲೇಜು ಹುಡುಗರಿಗೆ ಅದೇ ಸಂಗೀತ ಸ್ವಾತಂತ್ರ್ಯದ ಕೂಗು. ಈ ಜಗಳದಲ್ಲಿ ನಮಗೆ ಆಸಕ್ತಿಯಿಲ್ಲ. ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆ ಶತಮಾನಗಳಿಂದ ನಡೆದಿದೆ, ಇನ್ನೂ ನಡೆಯಲಿ. ಅಮೆರಿಕದ ಮೆಟಾಲಿಕಾ ಎಂಬ ತಂಡದ ಮೇಲೆ ನಮ್ಮ ತಕರಾರು ಬೇರೆಯದೇ. ಅದು ಹಾಡಿನ ಸದ್ದಿನ ಬಗ್ಗೆ ಅಲ್ಲ, ಹಾಡಿನ ಒಡೆತನದ ಬಗ್ಗೆ. ತನ್ನ ಹಾಡನ್ನು ಪುಕ್ಕಟೆಯಾಗಿ ಯಾರೂ ಕೇಳಕೂಡದೆಂದು ಕೋರ್ಟಿಗೆ ಹೋದ ತಂಡ, ಅದೇ ಹಾಡನ್ನು ಕೈಕಾಲು ಕಟ್ಟಿಸಿಕೊಂಡವರಿಗೆ ಬಲವಂತವಾಗಿ ಕೇಳಿಸಿದಾಗ ಏನು ಮಾಡಿತು?

ಮೊದಲು ಈ ತಂಡ ಬೆಳೆದ ಬಗೆಯನ್ನು ನೋಡೋಣ. 1981ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಡೆನ್ಮಾರ್ಕ್ ಮೂಲದ ಲಾರ್ಸ್ ಉಲ್ರಿಕ್ ಎಂಬ ಹುಡುಗ ಪತ್ರಿಕೆಯೊಂದಕ್ಕೆ ಜಾಹೀರಾತು ಕೊಟ್ಟು ಜೇಮ್ಸ್ ಹೆಟ್‌ಫೀಲ್ಡ್ ಎಂಬ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡ. ಮರುವರ್ಷ ಹಲವು ತಂಡಗಳ ಸಂಕಲನವೊಂದರಲ್ಲಿ ಇವರ ಮೊದಲ ಹಾಡು ಬಂದಾಗ ತಂಡದ ಹೆಸರಿನ ಕಾಗುಣಿತವೇ ತಪ್ಪಾಗಿ ಅಚ್ಚಾಗಿತ್ತು. ಇಂಥವರನ್ನು ಯಾವ ದೊಡ್ಡ ಕಂಪನಿ ಮೂಸಿ ನೋಡುತ್ತದೆ? 1982ರ ಜುಲೈನಲ್ಲಿ ಏಳು ಹಾಡುಗಳ ಡೆಮೊ ಕ್ಯಾಸೆಟ್ ಮಾಡಿದರು. ಹೆಸರು 'ನೋ ಲೈಫ್ ಟಿಲ್ ಲೆದರ್'. ಅದನ್ನು ಊರೂರಿಗೆ ಮುಟ್ಟಿಸಿದ್ದು ಅಂಗಡಿಗಳಲ್ಲ, ಅಭಿಮಾನಿಗಳು. ಒಬ್ಬ ಟಪಾಲಿನಲ್ಲಿ ಕಳಿಸುವುದು, ಇನ್ನೊಬ್ಬ ಪ್ರತಿ ತೆಗೆದುಕೊಳ್ಳುವುದು, ಆ ಪ್ರತಿಯಿಂದ ಮತ್ತೊಂದು ಪ್ರತಿ. ನಾಲ್ಕನೆಯ ಕೈಗೆ ಬರುವಷ್ಟರಲ್ಲಿ ಹಾಡಿಗಿಂತ ಟೇಪಿನ ಸುಯ್ ಸದ್ದೇ ಹೆಚ್ಚು. ಉಲ್ರಿಕ್ ಸ್ವತಃ ಇಂಥ ಟೇಪುಗಳ ಹುಚ್ಚು ಹಿಡಿಸಿಕೊಂಡಿದ್ದವನು.

ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕವ್ವಾಲಿಯ, ಮುಶಾಯಿರಾದ ಕ್ಯಾಸೆಟ್ಟುಗಳು ನಮ್ಮ ಮೊಹಲ್ಲಾಗಳಲ್ಲಿ ಹೀಗೆಯೇ ಮನೆಯಿಂದ ಮನೆಗೆ ನಡೆದು ಹೋಗುತ್ತಿದ್ದವು. ಗಲ್ಫಿನಿಂದ ಬಂದವರ ಮನೆಯ ಟೂ-ಇನ್-ವನ್ ಸುತ್ತ ಕೂತು ಕೇಳಿದವರಿಗೆ ಹಕ್ಕುಸ್ವಾಮ್ಯ ಎಂಬ ಪದ ಗೊತ್ತಿರಲಿಲ್ಲ, ಕವ್ವಾಲರ ಹೆಸರು ಮಾತ್ರ ಬಾಯಿಪಾಠವಾಗಿತ್ತು.

ಮೆಟಾಲಿಕಾದ ಆ ಡೆಮೊ ನ್ಯೂಜೆರ್ಸಿಯ ಸಂತೆಯೊಂದರಲ್ಲಿ ರೆಕಾರ್ಡ್ ಮಾರುತ್ತಿದ್ದ ಜಾನ್ ಜಜೂಲಾ ಕಿವಿಗೆ ಬಿತ್ತು. ಆತ ಹುಡುಗರನ್ನು ಕರೆಸಿಕೊಂಡ, 1983ರ ಜುಲೈನಲ್ಲಿ ಮೊದಲ ಆಲ್ಬಂ 'ಕಿಲ್ ಎಮ್ ಆಲ್' ಹೊರಬಂತು. ನಕಲೇ ಈ ತಂಡದ ಎದೆಹಾಲು ಎಂದರೆ ಉತ್ಪ್ರೇಕ್ಷೆಯಲ್ಲ.

ಇವರ ಮೊದಲ ಹೋಮ್ ವೀಡಿಯೊ ಈ ಮಾತಿಗೆ ಇನ್ನೂ ಗಟ್ಟಿ ಸಾಕ್ಷಿ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನ ರಸ್ತೆಯಲ್ಲಿ ತಂಡದ ಬಸ್ಸು ಉರುಳಿ ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ ಸತ್ತ. ಅವನಿಗೆ 24 ವರ್ಷ. ಮರುವರ್ಷ ಅವನ ನೆನಪಿಗೆಂದು ಒಂದು ವಿಎಚ್‌ಎಸ್ ತಂದರು, 'ಕ್ಲಿಫ್ ಎಮ್ ಆಲ್'. ಆ ಹೊತ್ತಿಗೆ ತಂಡ ಒಂದೇ ಒಂದು ಮ್ಯೂಸಿಕ್ ವೀಡಿಯೊ ಕೂಡ ಮಾಡಿರಲಿಲ್ಲ. ಹಾಗಾದರೆ ಬರ್ಟನ್ನನ ಚಿತ್ರಗಳು ಎಲ್ಲಿಂದ ಬರಬೇಕು? ಅಭಿಮಾನಿಗಳ ಪೆಟ್ಟಿಗೆಗಳಿಂದ. ಸ್ಯಾನ್ ಫ್ರಾನ್ಸಿಸ್ಕೊದ ಸಣ್ಣ ಕ್ಲಬ್ಬಿನಲ್ಲಿ 1983ರಲ್ಲಿ, ಡೆನ್ಮಾರ್ಕಿನ ರೋಸ್ಕಿಲ್ಡ ಬಯಲಿನಲ್ಲಿ 1986ರಲ್ಲಿ ನಡೆದ ಕಛೇರಿಗಳ ಚಿತ್ರಗಳು ಅದರಲ್ಲಿವೆ. ಟೀವಿಯವರು ತೆಗೆದದ್ದು ಸ್ವಲ್ಪ, ಮಿಕ್ಕಿದ್ದರಲ್ಲಿ ಬಹುಪಾಲು ಸಭಿಕರ ನಡುವಿನಿಂದ ಕದ್ದು ತೆಗೆದದ್ದು. ಚಿತ್ರ ನಡುಗುತ್ತದೆ, ಯಾರದೋ ತಲೆ ಅಡ್ಡ ಬರುತ್ತದೆ, ಸದ್ದು ಒಡೆಯುತ್ತದೆ. ಕಾನೂನಿನ ಕಣ್ಣಿನಲ್ಲಿ ಅದು ಕಳ್ಳಮಾಲು. ಆದರೆ ಆ ಕಳ್ಳರಿಲ್ಲದಿದ್ದರೆ ಗೆಳೆಯನ ಮುಖವನ್ನು ಜಗತ್ತಿಗೆ ತೋರಿಸಲು ತಂಡದ ಬಳಿ ಎಷ್ಟಿತ್ತು?

ಆ ವೀಡಿಯೊದ ಶೀರ್ಷಿಕೆಯಲ್ಲೇ 19 ಡಾಲರ್ 98 ಸೆಂಟ್ ಎಂದು ಬೆಲೆ ಬರೆದಿತ್ತು. ಅದೇ 1987ರಲ್ಲಿ ತಂದ ಕಿರು ರೆಕಾರ್ಡಿನ ಹೆಸರಿನಲ್ಲೂ 5 ಡಾಲರ್ 98 ಸೆಂಟ್ ಎಂಬ ಬೆಲೆ ಸೇರಿತ್ತು. ಅಂಗಡಿಯವನು ಹುಡುಗರ ಜೇಬಿನಿಂದ ಒಂದು ಸೆಂಟೂ ಹೆಚ್ಚು ಕೀಳಬಾರದೆಂಬ ಎಚ್ಚರ. ನಮಗೆ ಈ ಮೆಟಾಲಿಕಾ ಇಷ್ಟ. ಯಾರ ಋಣದಲ್ಲಿದ್ದೇವೆ ಎಂಬುದು ಅದಕ್ಕೆ ಗೊತ್ತಿತ್ತು.

1989ರಲ್ಲಿ ತಂಡ ಕೊನೆಗೂ ಮ್ಯೂಸಿಕ್ ವೀಡಿಯೊ ಮಾಡಿತು. 'ಒನ್' ಎಂಬ ಹಾಡಿಗೆ. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡು ತನ್ನ ದೇಹದೊಳಗೇ ಸೆರೆಯಾದ ಸೈನಿಕನ ಹಾಡು ಅದು. ಡಾಲ್ಟನ್ ಟ್ರಂಬೊ ತನ್ನದೇ ಕಾದಂಬರಿ ಆಧರಿಸಿ 1971ರಲ್ಲಿ ಮಾಡಿದ್ದ 'ಜಾನಿ ಗಾಟ್ ಹಿಸ್ ಗನ್' ಸಿನಿಮಾದ ದೃಶ್ಯಗಳನ್ನು ಅದರಲ್ಲಿ ಸೇರಿಸಿದರು. ಅದಕ್ಕಾಗಿ ಸಿನಿಮಾದ ಹಕ್ಕನ್ನೇ ಕೊಂಡರು. ಆ ವೀಡಿಯೊದ ಎರಡು ರೂಪಗಳನ್ನು 'ಟು ಆಫ್ ಒನ್' ಎಂಬ ಹೆಸರಿನಲ್ಲಿ ಮನೆಗಳಿಗೆ ಮಾರಿದರು. ಇನ್ನೊಬ್ಬರ ಕೃತಿಯನ್ನು ಕೇಳಿ ಬಳಸಬೇಕು ಎಂಬುದೂ ಗೊತ್ತಿತ್ತು, ಸೆರೆಯಲ್ಲಿರುವವನ ಸಂಕಟವೂ ಗೊತ್ತಿತ್ತು. ಆಮೇಲೆ ದುಡ್ಡು ಬಂತು. 1993ರ ಹೋಮ್ ವೀಡಿಯೊ ಮೂರು ಸಿಡಿ, ಮೂರು ವಿಎಚ್‌ಎಸ್ ತುಂಬಿದ ದೊಡ್ಡ ಪೆಟ್ಟಿಗೆ. ಬೆಲೆಯನ್ನು ಹೆಸರಿನಲ್ಲಿ ಬರೆಯುವ ರೂಢಿ ಅಷ್ಟರಲ್ಲಿ ನಿಂತಿತ್ತು.

2000ದ ಏಪ್ರಿಲ್‌ನಲ್ಲಿ ತಂಡ ನ್ಯಾಪ್‌ಸ್ಟರ್ ಕಂಪನಿಯ ಮೇಲೆ ದಾವೆ ಹೂಡಿತು. ಹುಡುಗರು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾಡು ಹಂಚಿಕೊಳ್ಳುವ ವ್ಯವಸ್ಥೆ ಅದು. ಟಪಾಲಿನ ಬದಲು ಟೆಲಿಫೋನ್ ತಂತಿ, ಅಷ್ಟೇ ವ್ಯತ್ಯಾಸ. ಮೇ ತಿಂಗಳಲ್ಲಿ ಉಲ್ರಿಕ್ 3,35,435 ಬಳಕೆದಾರರ ಹೆಸರುಗಳ ಪಟ್ಟಿಯನ್ನು ಪೆಟ್ಟಿಗೆಗಳಲ್ಲಿ ತುಂಬಿಸಿ ಆ ಕಂಪನಿಯ ಬಾಗಿಲಿಗೆ ತಂದ. ಅವರನ್ನೆಲ್ಲ ಹೊರಹಾಕಿ ಎಂದ. ಜುಲೈನಲ್ಲಿ ಸೆನೆಟ್ ಸಮಿತಿಯ ಮುಂದೆಯೂ ಸಾಕ್ಷಿ ನುಡಿದ. ಪ್ರಶ್ನೆ ದುಡ್ಡಿನದಲ್ಲ, ನಮ್ಮ ಹಾಡು ಎಲ್ಲಿ ಹೇಗೆ ಬಳಕೆಯಾಗಬೇಕೆಂದು ತೀರ್ಮಾನಿಸುವವರು ನಾವು ಎಂಬುದು ಅವನ ವಾದದ ತಿರುಳು. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕತೆ ಬರೆಯುವವರು ನಾವು. ಕೇಳದೆ ಕತೆ ಅಚ್ಚು ಹಾಕಿಕೊಂಡವರ ಮೇಲೆ ನಮಗೂ ಸಿಟ್ಟು ಬರುತ್ತದೆ. ಸರಿ, ಹಾಡಿನ ಬಳಕೆಯನ್ನು ತೀರ್ಮಾನಿಸುವ ಹಕ್ಕು ಹಾಡುಗಾರನದೇ ಎಂದು ಒಪ್ಪೋಣ.

ಮೂರೇ ವರ್ಷಕ್ಕೆ ಆ ಹಕ್ಕಿನ ಪರೀಕ್ಷೆ ಬಂತು. 2003ರಲ್ಲಿ ಇರಾಕನ್ನು ಆಕ್ರಮಿಸಿದ ಅಮೆರಿಕದ ಸೇನೆ ಸಿರಿಯಾ ಗಡಿಯ ಅಲ್-ಖಾಇಮ್‌ನಲ್ಲಿ ಕೈದಿಗಳ ಬಾಯಿ ಬಿಡಿಸಲು ಮೆಟಾಲಿಕಾದ 'ಎಂಟರ್ ಸ್ಯಾಂಡ್‌ಮನ್' ಹಾಡನ್ನು ಬಳಸುತ್ತಿದೆಯೆಂದು ವರದಿಯಾಯಿತು. ಸರಕು ಸಾಗಿಸುವ ಕಬ್ಬಿಣದ ಕಂಟೇನರಿನೊಳಗೆ, ನಿದ್ದೆ ಕೊಡದೆ, ಅದನ್ನೇ ಮತ್ತೆ ಮತ್ತೆ. ಮಗುವಿನ ಮಲಗುವ ಹೊತ್ತಿನ ಭಯದ ಮೇಲೆ ಕಟ್ಟಿದ ಹಾಡು ಅದು! ಗ್ವಾಂಟನಾಮೊದಿಂದ 2004ರಲ್ಲಿ ಬಿಡುಗಡೆಯಾದ ಬ್ರಿಟನ್ನಿನ ರುಹಾಲ್ ಅಹ್ಮದ್, ಹೊಡೆತ ಬಿದ್ದಾಗ ಮನಸ್ಸನ್ನು ಬೇರೆಡೆ ಒಯ್ದು ನೋವು ಮರೆಯಬಹುದಿತ್ತು, ಸಂಗೀತ ಮನಸ್ಸಿಗೇ ನುಗ್ಗುವುದರಿಂದ ಅಡಗಲು ಜಾಗವೇ ಇರಲಿಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ಸಿಐಎ ಸೆರೆಮನೆಗಳಲ್ಲಿ ಕೈದಿಗಳನ್ನು ಕಗ್ಗತ್ತಲಲ್ಲಿಟ್ಟು ಸದಾ ಅಬ್ಬರದ ಸಂಗೀತ ಹಾಕುತ್ತಿದ್ದುದನ್ನು 2014ರ ಸೆನೆಟ್ ವರದಿಯೇ ದಾಖಲಿಸಿದೆ.

ಸೇನೆ ಮೆಟಾಲಿಕಾದ ಅನುಮತಿ ಕೇಳಿತ್ತೇ? ಹಾಡು ಎಲ್ಲಿ ಹೇಗೆ ಬಳಕೆಯಾಗಬೇಕೆಂದು ತೀರ್ಮಾನಿಸುವವರು ಆಗ ಎಲ್ಲಿದ್ದರು? 2004ರ ರೇಡಿಯೊ ಸಂದರ್ಶನದಲ್ಲಿ ಹೆಟ್‌ಫೀಲ್ಡ್‌ನನ್ನು ಇದನ್ನೇ ಕೇಳಿದರು. ತಮ್ಮ ಹಾಡನ್ನೇ ಆರಿಸಿಕೊಂಡರಲ್ಲ ಎಂಬ ಹೆಮ್ಮೆ ಒಂದು ಕಡೆ, ತಂಡದ ಹೆಸರು ರಾಜಕೀಯಕ್ಕೆ ಅಂಟಿಕೊಂಡಿತಲ್ಲ ಎಂಬ ಬೇಸರ ಇನ್ನೊಂದು ಕಡೆ. ಅಪ್ಪ ಅಮ್ಮ ಹೆಂಡತಿಯರನ್ನೇ ಈ ಸಂಗೀತದಿಂದ ಕಾಡಿದ್ದೇವೆ, ಇರಾಕಿಗಳೇನು ಹೊರತೇ ಎಂಬ ಚಟಾಕಿ ಬೇರೆ. ಬೇಸರವೇನೋ ಇತ್ತು, ಆದರೆ ಅದು ತಂಡದ ಹೆಸರಿಗಾಗಿ. ಉಲ್ರಿಕ್ ತಾನೂ ನೊಂದಿದ್ದೇನೆ ಎಂದದ್ದುಂಟು. ಹಾಡು ಬಳಸಬೇಡಿರೆಂದು ತಂಡ ಕೇಳಿಕೊಂಡಿತ್ತೆಂದು ಮಾಜಿ ಸೈನಿಕನೊಬ್ಬ 2013ರಲ್ಲಿ ಹೇಳಿದ್ದೂ ಉಂಟು. ಇರಲಿ. ಹುಡುಗರಿಗೆ ವಕೀಲರ ಪಟ್ಟಿ, ಸೇನೆಗೆ ವಿನಂತಿ! ಪೆಂಟಗನ್ ಬಾಗಿಲಿಗೆ ಒಂದು ಪೆಟ್ಟಿಗೆಯೂ ಹೋಗಲಿಲ್ಲ.

ಬೇರೆಯವರು ಏನೂ ಮಾಡಲಾಗದೆ ಕೂತಿರಲಿಲ್ಲ. ರೇಜ್ ಅಗೇನ್ಸ್ಟ್ ದಿ ಮಷೀನ್ ತಂಡದ ಟಾಮ್ ಮೊರೆಲ್ಲೊ ಬಹಿರಂಗವಾಗಿ ಪ್ರತಿಭಟಿಸಿದ. ಯಾವ ಯಾವ ಹಾಡು ಬಳಸಿದಿರಿ, ದಾಖಲೆ ಕೊಡಿ ಎಂದು 2009ರಲ್ಲಿ ಅಮೆರಿಕ ಸರ್ಕಾರವನ್ನು ಕೇಳಿದವರ ಜೊತೆ ಹಲವು ಸಂಗೀತಗಾರರು ನಿಂತರು. ಕೆನಡಾದ ಸ್ಕಿನ್ನಿ ಪಪಿ ಎಂಬ ತಂಡವಂತೂ, ಗ್ವಾಂಟನಾಮೊದಲ್ಲಿ ತನ್ನ ಸಂಗೀತ ಬಳಸಿದ್ದಕ್ಕೆ 6,66,000 ಡಾಲರಿನ ಬಿಲ್ಲನ್ನು 2014ರಲ್ಲಿ ಆ ಸರ್ಕಾರಕ್ಕೆ ಕಳಿಸಿತು. ಸಣ್ಣ ತಂಡ, ಮೆಟಾಲಿಕಾದ ಮುಂದೆ ಇರುವೆ.

2015ರಲ್ಲಿ ಮೆಟಾಲಿಕಾ ತನ್ನ ಆ ಹಳೆಯ ಡೆಮೊವನ್ನು ಮತ್ತೆ ಕ್ಯಾಸೆಟ್ ರೂಪದಲ್ಲೇ ಅಂಗಡಿಗೆ ತಂದು ಮಾರಿತು. ಅದಕ್ಕೂ ಮೊದಲು, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋಗಿತ್ತು. 'ಒನ್' ಕೂಡ ಹಾಡಿತು, 'ಎಂಟರ್ ಸ್ಯಾಂಡ್‌ಮನ್' ಕೂಡ. ಅಲ್ಲಿ ಕುಣಿದ ಹುಡುಗರನ್ನು ಮಸೀದಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಬೈಯುವ ಕೆಲಸ ನಮ್ಮದಲ್ಲ. ಅವರು ಈ ತಂಡಕ್ಕೆ ಪತ್ರ ಬರೆಯಲಿ. ತಂಡ ಇಂದಿಗೂ ಹಾಡುತ್ತಿದೆ, ಅದಕ್ಕೆ ವಕೀಲರ ಬರವೂ ಇಲ್ಲ. ಒಂದು ಬಿಲ್ಲು ಕಳಿಸಲು ಹೊತ್ತು ಮೀರಿಲ್ಲ.