ಕನ್ನಡದ ವಿಡಿಯೋಗೆ ಇಂಗ್ಲಿಷ್ ಹಣೆಪಟ್ಟಿ ಯಾಕೆ ಸ್ವಾಮಿ?



ನವೆಂಬರ್ ಬಂತೆಂದರೆ ಸಾಕು, ಅಮೆರಿಕ, ದುಬೈ, ಸಿಂಗಪುರ, ಮೆಲ್ಬರ್ನ್ ಎಲ್ಲ ಕಡೆಯಿಂದಲೂ ರಾಜ್ಯೋತ್ಸವದ ವಿಡಿಯೋಗಳು ಬಂದು ಬೀಳುತ್ತವೆ. ಡೊಳ್ಳು ಕುಣಿತ ಇರುತ್ತೆ, ಮಕ್ಕಳ ನಾಟಕ ಇರುತ್ತೆ, ಅಧ್ಯಕ್ಷರ ಭಾಷಣದಲ್ಲಿ ಕನ್ನಡ ಉಳಿಸಿ ಬೆಳೆಸಿ ಅನ್ನೋ ಕರೆಯೂ ಇರುತ್ತೆ. ಪರದೆಯ ಮೇಲಿನ ಅಕ್ಷರ ನೋಡಿ: ಶೀರ್ಷಿಕೆ ಇಂಗ್ಲಿಷ್, ಹಾಡಿದವರ ಹೆಸರು ಇಂಗ್ಲಿಷ್, ಕೊನೆಯ ವಂದನೆಯೂ ಇಂಗ್ಲಿಷ್! ಯಾಕ್ರೀ ಹೀಗೆ ಅಂದರೆ ಒಂದು ಸಿದ್ಧ ಉತ್ತರ: "ಏನ್ ಮಾಡೋದು, ನಮ್ಮ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸರಿಯಾಗಿ ಬರಲ್ಲ."

ಈ ಉತ್ತರ ಕೊಡುವವರು ಯಾರು? ಹಗಲೆಲ್ಲ ತಂತ್ರಾಂಶ ಬರೆಯುವವರು, ಪರೀಕ್ಷಿಸುವವರು, ಯಾವುದನ್ನು ಕೊಳ್ಳಬೇಕೆಂದು ದೊಡ್ಡ ದೊಡ್ಡ ಕಂಪನಿಗಳಿಗೆ ಸಲಹೆ ಕೊಡುವವರು. ಆಫೀಸಿಗೆ ಏನಾದರೂ ಕೊಳ್ಳುವಾಗ ನೂರು ಪ್ರಶ್ನೆ ಕೇಳುವ ನಾವು, ಮನೆಯ ಕಂಪ್ಯೂಟರಿಗೆ ವಿಡಿಯೋ ಎಡಿಟಿಂಗ್ ತಂತ್ರಾಂಶ ಆರಿಸುವಾಗ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಇದರಲ್ಲಿ ಕನ್ನಡ ಬರೆಯಬಹುದಾ?

ಕನ್ನಡ ಕಷ್ಟದ ಲಿಪಿ ಅನ್ನೋ ಸಬೂಬು ಈಗ ನಡೆಯಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ ತುಂಗಾ ಫಾಂಟ್ ಬಂತು. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಇದೆ, ಗೂಗಲ್‌ನ ನೋಟೋ ಸಾನ್ಸ್ ಕನ್ನಡವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಒತ್ತಕ್ಷರ, ಅರ್ಕಾವತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸಿಕೊಡುವ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶವೂ ಇದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲ ಬಳಸುವುದು ಅದನ್ನೇ. ಇಷ್ಟಿದ್ದೂ ಒಂದು ಎಡಿಟಿಂಗ್ ತಂತ್ರಾಂಶ "ಕನ್ನಡ" ಅನ್ನುವುದನ್ನು "ಕನ್‌ನಡ" ಎಂದು ತೋರಿಸಿದರೆ ಅದು ಲಿಪಿಯ ಕಷ್ಟ ಅಲ್ಲ, ತಯಾರಕರ ಉದಾಸೀನ. ಅದನ್ನು ಸಹಿಸಿಕೊಂಡು ದುಡ್ಡು ಕೊಡುವುದು ನಮ್ಮ ಉದಾಸೀನ.

ಇದಕ್ಕೆ ನಮ್ಮವರು ಎರಡು ಅಡ್ಡದಾರಿ ಹುಡುಕಿಕೊಂಡಿದ್ದಾರೆ. ಮೊದಲನೆಯದು, ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದು ಅಂಟಿಸುವುದು. ಕಣ್ಣಿಗೆ ಕನ್ನಡ ಕಾಣುತ್ತೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಮುಗೀತು, ದೇವರೂ ಓದಲಾರ. ಅದರಿಂದ ಸಬ್‌ಟೈಟಲ್ ಮಾಡಲಾಗದು, ಹುಡುಕಲೂ ಆಗದು. ಎರಡನೆಯದು, ಬೇರೆ ಕಡೆ ಕನ್ನಡ ಬರೆದು ಚಿತ್ರವಾಗಿ ಉಳಿಸಿಕೊಂಡು ತಂದು ಹಾಕುವುದು. ಕಾರ್ಯಕ್ರಮದ ಹಿಂದಿನ ರಾತ್ರಿ ಹನ್ನೆರಡಕ್ಕೆ ಇದು ಆಪದ್ಧರ್ಮ, ಒಪ್ಪೋಣ. ವರ್ಷವಿಡೀ ಹೀಗೇ ಮಾಡುತ್ತಿದ್ದರೆ ಒಂದು ಕಾಗುಣಿತದ ತಪ್ಪಿಗೂ ಮೊದಲಿಂದ ಮಾಡಬೇಕು. ಮೇಲಾಗಿ, ತಂತ್ರಾಂಶ ಮಾಡಿದ ಕಂಪನಿಗೆ ತನ್ನ ಸರಕಿನಲ್ಲಿ ದೋಷ ಇದೆ ಅನ್ನುವುದೇ ತಿಳಿಯುವುದಿಲ್ಲ.

ಸರಿ, ಆರಿಸುವುದು ಹೇಗೆ? ಎರಡು ನಿಮಿಷದ ಪರೀಕ್ಷೆ ಸಾಕು. ಹಣ ಕೊಡುವ ಮುನ್ನ ಟ್ರಯಲ್ ಇಳಿಸಿಕೊಳ್ಳಿ. ಟೈಟಲ್ ಜಾಗದಲ್ಲಿ ಈ ಐದು ಪದ ಬರೆಯಿರಿ: ಕನ್ನಡ, ಕರ್ನಾಟಕ, ರಾಜ್ಯೋತ್ಸವ, ಸ್ವಾತಂತ್ರ್ಯ, ರ‍್ಯಾಂಕ್. ಒತ್ತು ಕೆಳಗೆ ಕೂತಿದೆಯಾ, "ಕರ್ನಾಟಕ"ದ ಅರ್ಕಾವತ್ತು ಬಲಗಡೆ ಬಂದಿದೆಯಾ, "ಸ್ವಾತಂತ್ರ್ಯ"ದ ಮೂರೂ ಒತ್ತು ಇದೆಯಾ ನೋಡಿ. ಆಮೇಲೆ ವಿಡಿಯೋ ಮಾಡಿ ಉಳಿಸಿ ಮತ್ತೊಮ್ಮೆ ನೋಡಿ. ಬರೆಯುವ ಪೆಟ್ಟಿಗೆಯಲ್ಲಿ ಸರಿ ಇದ್ದದ್ದು ಪರದೆಯ ಮೇಲೆ ಒಡೆಯುವುದುಂಟು. ಅಕ್ಷರಗಳು ಒಂದೊಂದಾಗಿ ಹಾರಿ ಬರುವ ಅಲಂಕಾರಗಳನ್ನಂತೂ ನೋಡದೇ ನಂಬಬೇಡಿ. ಅವು ಇಂಗ್ಲಿಷಿಗೆಂದು ಮಾಡಿದವು, ಒತ್ತಕ್ಷರವನ್ನು ಕಿತ್ತು ಬೇರೆ ಮಾಡಿಬಿಡುತ್ತವೆ.

ಇನ್ನು ಅಂಗಡಿಯಲ್ಲಿ ಏನೇನಿದೆ ನೋಡೋಣ.

ಕೆಡೆನ್‌ಲೈವ್, ಶಾಟ್‌ಕಟ್: ಎರಡೂ ಮುಕ್ತ, ಎರಡೂ ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಇವು ನಿಂತಿರುವ ಕ್ಯೂಟಿ ಎಂಬ ತಳಹದಿ ಅಕ್ಷರ ಕೂಡಿಸುವುದನ್ನು ಹಾರ್ಫ್‌ಬಝ್‌ಗೆ ಒಪ್ಪಿಸುತ್ತದೆ. ಇವುಗಳ ಪ್ರಾಜೆಕ್ಟ್ ಕಡತ ಸಾದಾ ಎಕ್ಸ್‌ಎಂಎಲ್, ಯಾವ ಎಡಿಟರ್‌ನಲ್ಲಾದರೂ ತೆರೆದು ಓದಬಹುದು. ಸಂಘದ ಕೆಲಸಕ್ಕೆ ನಮ್ಮ ಮೊದಲ ಮತ ಇವಕ್ಕೇ.

ಡಾವಿಂಚಿ ರಿಸಾಲ್ವ್: ಸಿನಿಮಾದವರು ಬಣ್ಣ ತಿದ್ದಲು ಬಳಸುವ ದೊಡ್ಡ ಯಂತ್ರ. ಪುಕ್ಕಟೆ ಆವೃತ್ತಿಯಲ್ಲೇ ಬೇಕಾದಷ್ಟಿದೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್ ಇದರ ಮುಂದೆ ಏದುಸಿರು ಬಿಡುತ್ತೆ.

ಪ್ರೀಮಿಯರ್ ಪ್ರೋ: 2013ರಲ್ಲಿ ಅಡೋಬಿ ಬಾಡಿಗೆ ಪದ್ಧತಿಗೆ ಹೊರಳಿತು, ಅಂದಿನಿಂದ ಇದು ತಿಂಗಳ ಖರ್ಚು. ಇದರ ಹಲವು ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆ ಟೆಕ್ಸ್ಟ್ ಎಂಜಿನ್ ಇದೆ, ಸೆಟ್ಟಿಂಗ್ಸ್ ಒಳಹೊಕ್ಕು ಆರಿಸಿಕೊಳ್ಳಬೇಕು. ಇದನ್ನೇ ತಿಳಿಯದೆ "ಪ್ರೀಮಿಯರ್‌ನಲ್ಲಿ ಕನ್ನಡ ಬರಲ್ಲ" ಎಂದು ಸಾರಿಕೊಂಡು ತಿರುಗುವವರು ನಮ್ಮಲ್ಲಿ ಕಡಿಮೆ ಇಲ್ಲ!

ಐಮೂವಿ, ಕ್ಲಿಪ್‌ಚಾಂಪ್: ಮೊದಲನೆಯದು ಮ್ಯಾಕ್‌ಗೆ, ಎರಡನೆಯದು ವಿಂಡೋಸ್ 11ರ ಜೊತೆಗೇ ಬರುತ್ತೆ. ಹುಟ್ಟುಹಬ್ಬದ ವಿಡಿಯೋಗೆ ಧಾರಾಳ ಸಾಕು. ಐದು ಪದದ ಪರೀಕ್ಷೆ ಇವಕ್ಕೂ ಮಾಡಿ.

ಫಿಲ್ಮೋರಾ: ಪುಕ್ಕಟೆ ಅಂತ ಇಳಿಸಿಕೊಂಡು, ಮೂರು ಗಂಟೆ ದುಡಿದು ಮುಗಿಸಿದ ಮೇಲೆ ವಿಡಿಯೋ ತುಂಬ ಅವರ ಮುದ್ರೆ. ನಮ್ಮ ಮಕ್ಕಳ ಯಕ್ಷಗಾನದ ಮೇಲೆ ಅವರ ಜಾಹೀರಾತು ನಮಗ್ಯಾಕೆ?

ತಂತ್ರಾಂಶ ಶಾಶ್ವತ ಅಂತಲೂ ನಂಬಿ ಕೂರಬೇಡಿ. ಎಷ್ಟೋ ಸಂಘಗಳು ನೆಚ್ಚಿಕೊಂಡಿದ್ದ ವಿಂಡೋಸ್ ಮೂವಿ ಮೇಕರ್‌ಗೆ ಮೈಕ್ರೋಸಾಫ್ಟ್ 2017ರ ಜನವರಿಯಲ್ಲಿ ಬಾಗಿಲು ಹಾಕಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಟಿಕ್‌ಟಾಕ್ ನಿಂತಾಗ ಕ್ಯಾಪ್‌ಕಟ್ ಕೂಡ ಕೆಲಕಾಲ ನಿಂತುಹೋಯಿತು. ಸಂಘದ ನೆನಪುಗಳನ್ನು ಒಂದೇ ಕಂಪನಿಯ ಬೀಗದೊಳಗೆ ಇಡುವುದು ಎಷ್ಟು ಜಾಣತನ? ಇಪ್ಪತ್ತು ವರ್ಷದ ಹಿಂದೆ ಊರಿಂದ ಬಂದ ಸಾಹಿತಿಗಳ, ಕಲಾವಿದರ ಮಾತು ಹಾಡು ತುಂಬಿದ ಮಿನಿ ಡಿವಿ ಟೇಪುಗಳು ಎಷ್ಟೋ ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಿವೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಜಾಗ ಸಾಕು. ಜಾಗ ಅಗ್ಗ, ಆದರೆ ಟೇಪ್ ಓಡಿಸುವ ಕ್ಯಾಮರಾಗಳು ಕೆಟ್ಟು ಕೂತಿವೆ, ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. ಈ ಕೆಲಸ ಇನ್ನೂ ಹತ್ತು ವರ್ಷ ಕಾಯುವುದಿಲ್ಲ.

ಇನ್ನು ನಮ್ಮ ಮಕ್ಕಳು. ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತೆ, ಕಣ್ಣಿಗೆ ಬೀಳುವುದು ಎಲ್ಲಿ? ಬೀದಿಯ ಬೋರ್ಡಿನಲ್ಲಿಲ್ಲ, ಶಾಲೆಯ ಗೋಡೆಯ ಮೇಲಿಲ್ಲ. ತಾನೇ ಕುಣಿದ ವಿಡಿಯೋದಲ್ಲಿ ತನ್ನ ಹೆಸರು ಕನ್ನಡದಲ್ಲಿ ಬಂದರೆ ಆ ಮಗು ಅದನ್ನು ಹತ್ತು ಸಲ ನೋಡುತ್ತೆ. ಅಕ್ಷರ ಕಲಿಸಲು ಇದಕ್ಕಿಂತ ಸುಲಭದ ದಾರಿ ಇದೆಯಾ? ಅಜ್ಜಿ ಹೇಳಿದ ಕತೆಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ. ಎಸ್‌ಆರ್‌ಟಿ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಯೂಟ್ಯೂಬ್ ತೆಗೆದುಕೊಳ್ಳುತ್ತೆ. ಕೇಳಿ ಬರೆಯುವ ವಿಸ್ಪರ್‌ನಂಥ ತಂತ್ರಾಂಶಕ್ಕೆ ಕನ್ನಡವೂ ಗೊತ್ತು. ತಪ್ಪು ಧಾರಾಳ, ಕೂತು ತಿದ್ದಬೇಕು.

"ನಾವು ಬೆರಳೆಣಿಕೆಯ ಜನ, ನಮ್ಮ ಮಾತು ಯಾರು ಕೇಳ್ತಾರೆ?" ಅನ್ನುವವರಿಗೆ ಒಂದು ಮಾತು. ಕಳ್ಳ ಪ್ರತಿ ಬಳಸುವವನಿಗೆ ದೂರು ಕೊಡುವ ಬಾಯಿ ಇಲ್ಲ. ಡಾಲರ್, ಪೌಂಡ್, ದಿರ್ಹಾಮ್ ಎಣಿಸಿ ಕೊಡುವ ನಮಗೆ ಇದೆ. ಕೊಟ್ಟ ಹಣಕ್ಕೆ ತಕ್ಕ ಸರಕು ಕೇಳುವುದು ಗ್ರಾಹಕನ ಹಕ್ಕು, ಇದರಲ್ಲಿ ಭಾಷಾಂಧತೆ ಎಲ್ಲಿಂದ ಬಂತು?

ಹಾಗಾಗಿ ಈ ರಾಜ್ಯೋತ್ಸವದೊಳಗೆ ಪ್ರತಿಯೊಬ್ಬರೂ ಇಷ್ಟು ಮಾಡಿ:

1. ನೀವು ಬಳಸುವ ತಂತ್ರಾಂಶಕ್ಕೆ ಐದು ಪದದ ಪರೀಕ್ಷೆ ಮಾಡಿ.
2. ಅಕ್ಷರ ಒಡೆದರೆ ಚಿತ್ರ ಸಮೇತ ಕಂಪನಿಗೆ ದೂರು ಬರೆಯಿರಿ. ಸರಿ ಮಾಡದಿದ್ದರೆ ಬಾಡಿಗೆ ನಿಲ್ಲಿಸಿ, ಯಾಕೆ ನಿಲ್ಲಿಸಿದಿರಿ ಅಂತಲೂ ತಿಳಿಸಿ.
3. ಮುಕ್ತ ತಂತ್ರಾಂಶ ಬಳಸುವವರು ದೋಷ ಕಂಡರೆ ವರದಿ ಮಾಡಿ. ಪ್ರೋಗ್ರಾಮಿಂಗ್ ಬಲ್ಲವರು ತಿದ್ದಿ ಕಳಿಸಿ, ಬಾರದವರು ಮೆನುಗಳನ್ನು ಕನ್ನಡಕ್ಕೆ ತನ್ನಿ.
4. ಸಂಘದ ಸಮಿತಿಯಲ್ಲಿ ಒಂದು ನಿರ್ಣಯ ಮಾಡಿಸಿ: ಕನ್ನಡ ಶೀರ್ಷಿಕೆ ಇಲ್ಲದ ವಿಡಿಯೋ ಸಂಘದ ಹೆಸರಲ್ಲಿ ಹೊರಬರಬಾರದು. ಇಂಗ್ಲಿಷ್ ಬೇಕಾದವರಿಗೆ ಕೆಳಗೆ ಇರಲಿ, ಮೇಲೆ ಕನ್ನಡ ಇರಲಿ.

ವೇದಿಕೆ ಮೇಲೆ ನಿಂತು ಕನ್ನಡಕ್ಕೆ ಪ್ರಾಣ ಕೊಡುತ್ತೇವೆ ಅನ್ನುವವರನ್ನು ಬೇಕಾದಷ್ಟು ನೋಡಿದ್ದಾಯಿತು. ಪ್ರಾಣ ಇರಲಿ ಸ್ವಾಮಿ, ಮೊದಲು ಎರಡು ನಿಮಿಷ ಕೊಡಿ.

ಸಿರಿಗನ್ನಡಂ ಗೆಲ್ಗೆ!